ತಮ್ಮಾ, ಗುಳಿಗೆಯ ಹೊತ್ತು ತಪ್ಪಿಸಬೇಡ

ತಮ್ಮಾ,

ಮೊನ್ನೆ ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಸೆಂಟರಿನ ಬೆಂಚಿನ ಮೇಲೆ ಕೂತು ನೀನು ಕೇಳಿದ್ದು ಎರಡೇ ಪ್ರಶ್ನೆ. "ಅಕ್ಕಾರ, ನಾ ಎಷ್ಟ ವರ್ಷ ಬದುಕತೀನ್ರಿ?" ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ನನ್ನಿಂದ ಮನಿ ಮಂದಿಗೂ ಬರತೈತೇನ್ರಿ?" ಅಂದೆ. ಮೊದಲನೆಯದನ್ನು ಕೇಳದವರಿಲ್ಲ. ಎರಡನೆಯದನ್ನು ವರದಿ ಕೈಗೆ ಬಂದ ದಿನವೇ ಕೇಳುವ ಗಂಡಸರು ಕಡಿಮೆ. ಅದಕ್ಕೇ ಕೂತು ಬರೆಯೋಣ ಅನ್ನಿಸಿತು. ನಿನ್ನ ಹೆಸರು ಎಲ್ಲೂ ಹಾಕಿಲ್ಲ. ಹಾಕಲು ಕಾನೂನೂ ಬಿಡುವುದಿಲ್ಲ. ಆ ಮಾತು ಮುಂದೆ ಬರುತ್ತದೆ.

ನಿನ್ನ ಎರಡು ಪ್ರಶ್ನೆಗೂ ಉತ್ತರ ಒಂದೇ. ದಿನಕ್ಕೊಂದು ಗುಳಿಗೆ ನಿನ್ನ ಜೀವ ಉಳಿಸುತ್ತದಲ್ಲ, ನಿನ್ನ ಕೈಹಿಡಿಯುವವಳನ್ನು ಕಾಯುವುದೂ ಅದೇ ಗುಳಿಗೆ. ತನ್ನ ಆರೋಗ್ಯ ಬೇರೆ, ಮನೆಯವರ ರಕ್ಷಣೆ ಬೇರೆ ಎಂದು ತಿಳಿದವರು ಎರಡರಲ್ಲೂ ಎಡವುತ್ತಾರೆ. "ನಾ ಹೆಂಗೂ ಸಾಯಾವ, ಉಳಿದವರಿಗೆ ಬರದಿದ್ರ ಸಾಕು" ಎಂದು ಗುಳಿಗೆ ಬಿಟ್ಟು ದೂರ ಮಲಗಿದವರನ್ನು ನೋಡಿದ್ದೇನೆ. ಅದು ತ್ಯಾಗವಲ್ಲ, ತಿಳಿಗೇಡಿತನ.

ನನ್ನ ಯಜಮಾನರು ಲಾರಿ ಓಡಿಸುತ್ತಿದ್ದರು. ಅವರು ಹಾಸಿಗೆ ಹಿಡಿದಾಗ ನಮ್ಮ ಬಾಗಲಕೋಟೆ ಸೀಮೆಯಲ್ಲಿ ಈ ರೋಗಕ್ಕೆ ಔಷಧವೇ ಇಲ್ಲ ಎಂದು ಮಂದಿ ನಂಬಿದ್ದರು. ಔಷಧ ಇತ್ತು, ನಮ್ಮ ಕೈಗೆ ಸಿಗುವಂತಿರಲಿಲ್ಲ. ಮೂರು ಔಷಧ ಕೂಡಿಸಿ ಕೊಟ್ಟರೆ ವೈರಸ್ ಅಡಗುತ್ತದೆ ಎಂಬುದು 1996ರ ಹೊತ್ತಿಗೇ ಗೊತ್ತಾಗಿತ್ತು. ಬೆಲೆ ಮಾತ್ರ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ. 2001ರಲ್ಲಿ ಮುಂಬೈಯ ಸಿಪ್ಲಾ ಕಂಪನಿ ಅದನ್ನೇ ವರ್ಷಕ್ಕೆ 350 ಡಾಲರಿಗೆ ಬಡದೇಶಗಳಲ್ಲಿ ಚಿಕಿತ್ಸೆ ಕೊಡುವ ಸೇವಾಸಂಸ್ಥೆಗೆ ಕೊಡುತ್ತೇನೆ ಎಂದಾಗ ಜಗತ್ತೇ ಹುಬ್ಬೇರಿಸಿತಂತೆ. ನಮ್ಮಂಥವರಿಗೆ ಆ 350 ಡಾಲರೂ ಎಲ್ಲಿಂದ ಬರಬೇಕು? ಮಿರಜಿನ ದವಾಖಾನೆಗೆ ಹೊಲ ಅಡವಿಟ್ಟು ಹೋಗಿ ಬಂದವರು ಎಷ್ಟೋ ಮಂದಿ. ಹೊಲವೂ ಹೋಯಿತು, ಮನುಷ್ಯನೂ ಹೋದ. ಸೊಸೆಯ ಕಾಲ್ಗುಣವೇ ಕೆಟ್ಟದ್ದು ಎಂಬ ಮಾತು ಮಾತ್ರ ಮನೆಯಲ್ಲಿ ಉಳಿಯಿತು. ರೋಗ ಗಂಡನಿಂದ ಬಂತು, ಬೈಗುಳ ಹೆಂಡತಿಗೆ ಬಂತು. ಈ ಲೆಕ್ಕ ನಮ್ಮ ಕಡೆಯ ಹಳ್ಳಿಹಳ್ಳಿಯಲ್ಲೂ ಇದೆ.

ಸರ್ಕಾರ ಈ ಔಷಧವನ್ನು ಪುಕ್ಕಟೆ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ರಂದು. ಮೊದಲಿಗೆ ಇಡೀ ದೇಶದಲ್ಲಿ ಎಂಟೇ ಆಸ್ಪತ್ರೆಗಳು. ನಮಗೆಂದರೆ ಬೆಂಗಳೂರು, ರಾತ್ರಿಯಿಡೀ ಬಸ್ಸು. ಅದೂ ಮೈ ಕಾಯುವ ಸಿಡಿ4 ಕಣ 200ಕ್ಕಿಂತ ಕೆಳಗಿಳಿದವರಿಗೆ, ಅಂದರೆ ಮೈ ಸೋತವರಿಗೆ ಮೊದಲು. ಆಗಿನ ಗುಳಿಗೆಯಲ್ಲಿ ಸ್ಟಾವುಡಿನ್ ಎಂಬ ಔಷಧ ಇರುತ್ತಿತ್ತು. ಗಂಡನಿಂದ ಸೋಂಕು ತಗಲಿದ್ದ ನನ್ನ ಜೀವವನ್ನು ಅದು ಉಳಿಸಿತು. ಅದೇ ನನ್ನ ಕೆನ್ನೆಯ ಕೊಬ್ಬನ್ನೂ ಕರಗಿಸಿತು, ಅಂಗಾಲು ಉರಿಯುವಂತೆ ಮಾಡಿತು. ಮುಖ ನೋಡಿಯೇ ಇಂಥವಳು ಎಂದು ಊರ ಮಂದಿ ಗುರುತಿಸುತ್ತಿದ್ದರು. ಆಮೇಲೆ ಆ ಔಷಧವನ್ನು ತೆಗೆದರು. ಈಗ 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ. ನಿನಗೆ ವರದಿ ಬಂದ ವಾರದೊಳಗೇ ಡಬ್ಬಿ ಕೈಗೆ ಬಂತಲ್ಲ, ಅದರ ಹಿಂದೆ ಇಷ್ಟು ದಾರಿ ಇದೆ. ಬೇಗ ಶುರುಮಾಡಿ ಬಿಡದೆ ತೆಗೆದುಕೊಳ್ಳುವವರ ಆಯುಷ್ಯ ಹೆಚ್ಚೂಕಡಿಮೆ ಎಲ್ಲರಂತೆಯೇ ಇರುತ್ತದೆ. ನಿನ್ನ ಮೊದಲ ಪ್ರಶ್ನೆಗೆ ಇದು ಉತ್ತರ.

ಇನ್ನು ಆ ಡಬ್ಬಿಯ ವಿಷಯ. ಟಿಎಲ್‌ಡಿ ಎನ್ನುತ್ತಾರೆ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್, ಮೂರೂ ಒಂದೇ ಗುಳಿಗೆಯಲ್ಲಿ. ನಮ್ಮ ಮೈ ಕಾಯುವ ಬಿಳಿ ರಕ್ತಕಣದೊಳಗೆ ವೈರಸ್ ತನ್ನ ನಕಲು ತೆಗೆಯುವುದನ್ನು ಮೊದಲಿನ ಎರಡು ತಡೆಯುತ್ತವೆ. ಆ ನಕಲು ಹೋಗಿ ನಮ್ಮ ಕಣದ ವಂಶವಾಹಿಯಲ್ಲೇ ಸೇರಿಕೊಳ್ಳುವುದನ್ನು ಮೂರನೆಯದು ತಡೆಯುತ್ತದೆ. ಆದರೆ ಔಷಧ ಶುರುವಾಗುವ ಮೊದಲೇ ಸೇರಿಕೊಂಡದ್ದು ಕೆಲವು ಕಣಗಳಲ್ಲಿ ಸುಮ್ಮನೆ ಮಲಗಿರುತ್ತದೆ. ಅಲ್ಲಿಗೆ ಯಾವ ಗುಳಿಗೆಯೂ ಮುಟ್ಟುವುದಿಲ್ಲ. ಎರೆ ಹೊಲದ ಕರಕಿಯನ್ನು ಮೇಲಿಂದ ಎಷ್ಟು ಕಿತ್ತರೂ ಒಳಗಿನ ಬೇರು ಮತ್ತೆ ಚಿಗುರುತ್ತದಲ್ಲ, ಹಾಗೆ. ಅದಕ್ಕೇ ಚೆನ್ನಾಗಿದ್ದೇನೆಂದು ಗುಳಿಗೆ ಬಿಟ್ಟರೆ ಕೆಲವೇ ವಾರದಲ್ಲಿ ವೈರಸ್ ರಕ್ತಕ್ಕೆ ಮರಳಿ ಬರುತ್ತದೆ. ಒಂದು ದಿನ ತಿಂದು ಎರಡು ದಿನ ಬಿಡುವುದಂತೂ ಇನ್ನೂ ಕೆಟ್ಟದ್ದು. ಅರೆಬರೆ ಔಷಧದ ನಡುವೆ ಬದುಕಲು ಕಲಿತ ವೈರಸ್ಸಿಗೆ ಆಮೇಲೆ ಅದೇ ಗುಳಿಗೆ ನಾಟುವುದಿಲ್ಲ. ಆಗ ಬೇರೆ ಸಾಲಿನ ಔಷಧ ಬೇಕು. ಅವುಗಳ ಸಂಖ್ಯೆ ಹೆಚ್ಚು, ತ್ರಾಸೂ ಹೆಚ್ಚು.

ಹೊತ್ತು ಯಾವುದಾದರೂ ಸರಿ, ದಿನವೂ ಅದೇ ಇರಲಿ. ನೀನು ಬೆಳಗ್ಗೆಯೇ ಕೆಲಸಕ್ಕೆ ಹೋಗುವವನು, ರೊಟ್ಟಿ ತಿಂದು ಎದ್ದ ಮೇಲೆ ನುಂಗು. ಮರೆತರೆ ನೆನಪಾದ ಕೂಡಲೇ ತೆಗೆದುಕೊ. ಮರುದಿನ ಎರಡು ನುಂಗಿ ಸರಿದೂಗಿಸಲು ಹೋಗಬೇಡ. ಮೊದಮೊದಲು ತಲೆನೋವು, ನಿದ್ದೆಗೇಡು ಬರಬಹುದು, ಹೆಚ್ಚಿನವರಿಗೆ ತಾನೇ ಹೋಗುತ್ತದೆ. ತೂಕ ಏರಿದರೆ ಹಿಗ್ಗಬೇಡ. ನಮ್ಮ ಕಡೆ ದಪ್ಪಗಾದರೆ ಆರೋಗ್ಯ ಬಂತು ಎನ್ನುತ್ತಾರೆ; ಈ ಔಷಧದ ಮೇಲಿರುವವರಿಗೆ ತೂಕದ ಜೊತೆ ಸಕ್ಕರೆ ಕಾಯಿಲೆ, ಬಿಪಿಯ ಮೇಲೂ ಕಣ್ಣಿರಬೇಕು.

ಒಂದು ಸಣ್ಣ ವಿಷಯವನ್ನು ಬಹಳ ಮಂದಿ ಹೇಳದೆ ಬಿಡುತ್ತಾರೆ. ಹೊಟ್ಟೆ ಉರಿ ಎಂದು ಅಂಗಡಿಯಲ್ಲಿ ಜೆಲುಸಿಲ್, ಡೈಜಿನ್ ತರಹದ್ದು ಕೊಂಡು ಕುಡಿಯುತ್ತೀಯಲ್ಲ, ಅದರೊಳಗಿನ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರವಿರ್‌ಗೆ ಅಂಟಿಕೊಂಡು ಅದು ಮೈಗೆ ಹತ್ತದಂತೆ ಮಾಡುತ್ತವೆ. ಇಂಥದ್ದು ಬೇಕೇ ಬೇಕಾದರೆ ನಿನ್ನ ಗುಳಿಗೆ ನುಂಗಿ ಎರಡು ತಾಸಾದ ಮೇಲೆ ತೆಗೆದುಕೊ. ಅದನ್ನೇ ಮೊದಲು ಕುಡಿದುಬಿಟ್ಟಿದ್ದರೆ ಗುಳಿಗೆಗೆ ಆರು ತಾಸು ಕಾಯಬೇಕು. ಬಸುರಿಯರಿಗೆ ಕೊಡುವ ಕಬ್ಬಿಣದ, ಕ್ಯಾಲ್ಸಿಯಂ ಗುಳಿಗೆಗೂ ಇದೇ ಅಂತರ. ಕಬ್ಬಿಣ, ಕ್ಯಾಲ್ಸಿಯಂ ಇವೆರಡನ್ನು ಮಾತ್ರ ಊಟದ ಜೊತೆ ಕೂಡಿಸಿ ತೆಗೆದುಕೊಂಡರೆ ಅಡ್ಡಿಯಿಲ್ಲ. ಮೈಕೈ ನೋವಿಗೆ ದಿನವೂ ಡೈಕ್ಲೋಫೆನಾಕ್ ನುಂಗುವ ಚಟ ನಿಮ್ಮ ಗಾರೆ ಕೆಲಸದವರಲ್ಲಿ ಇದೆ. ಟೆನೊಫೊವಿರ್ ಮೇಲೆ ಅದೂ ಬಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು. ಯಾವ ಡಾಕ್ಟರ ಹತ್ತಿರ ಹೋದರೂ ನೀನು ತೆಗೆದುಕೊಳ್ಳುವ ಗುಳಿಗೆಯ ಹೆಸರು ಹೇಳು. ಮುಚ್ಚಿಟ್ಟರೆ ಅವರು ಕೊಡುವ ಔಷಧವೇ ನಿನಗೆ ಮುಳುವಾದೀತು.

ನಾಟಿ ಔಷಧದ ಬಗ್ಗೆ ಒಂದೇ ಮಾತು. ಏಡ್ಸ್ ಬುಡಸಮೇತ ಹೋಗುತ್ತದೆ ಎಂದು ಪುಡಿ ಕೊಡುವವನ ಮನೆ ಬಾಗಿಲಿಗೂ ಹೋಗಬೇಡ. ನಾವು ಅಲ್ಲೆಲ್ಲ ಹೋಗಿ, ಹಣ ಸುರಿದು, ಮಂದಿಯನ್ನು ಮಣ್ಣು ಮಾಡಿ ಬಂದಿದ್ದೇವೆ.

ಈಗ ನಿನ್ನ ಎರಡನೆಯ ಪ್ರಶ್ನೆ. ಗುಳಿಗೆ ಶುರುವಾಗಿ ಆರು ತಿಂಗಳಿಗೆ ನಿನ್ನ ರಕ್ತ ತೆಗೆದು ವೈರಲ್ ಲೋಡ್ ನೋಡುತ್ತಾರೆ, ಆಮೇಲೆ ವರ್ಷ ತುಂಬಿದಾಗ, ಅಲ್ಲಿಂದ ವರ್ಷಕ್ಕೊಮ್ಮೆ. ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂಬ ಲೆಕ್ಕ ಅದು. ಸರಿಯಾಗಿ ಗುಳಿಗೆ ತಿಂದವರಲ್ಲಿ ಅದು ಪರೀಕ್ಷೆಗೆ ಸಿಗದಷ್ಟು ಇಳಿದುಬಿಡುತ್ತದೆ. ಹಾಗೆ ಇಳಿದು ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹೋಗುವುದಿಲ್ಲ. 'ಕಡಿಮೆ ಹೋಗುತ್ತದೆ' ಎಂದು ಬರೆದಿಲ್ಲ, ಮತ್ತೊಮ್ಮೆ ಓದು.

ಇದು ಬರೀ ಧೈರ್ಯ ಹೇಳುವ ಮಾತಲ್ಲ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ಒಂಬತ್ತು ದೇಶಗಳಲ್ಲಿ ಅಧ್ಯಯನ ಮಾಡಿದರು. ನಮ್ಮ ಚೆನ್ನೈ, ಪುಣೆಯ ಜೋಡಿಗಳೂ ಅದರಲ್ಲಿದ್ದವು. ತಡಮಾಡದೆ ಚಿಕಿತ್ಸೆ ಕೊಟ್ಟರೆ ಸಂಗಾತಿಗೆ ಹರಡುವುದು ಶೇ 96ರಷ್ಟು ತಗ್ಗುತ್ತದೆ ಎಂದು 2011ರಲ್ಲಿ ಗೊತ್ತಾಯಿತು. ಆಮೇಲೆ ಯೂರೋಪಿನಲ್ಲಿ ನಡೆದ ಪಾರ್ಟ್‌ನರ್ ಅಧ್ಯಯನ ಇನ್ನೂ ಮುಂದೆ ಹೋಯಿತು. ವೈರಸ್ ಅಡಗಿದ್ದ ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಕೂಡಿದ್ದರೂ ಒಬ್ಬರಿಂದ ಒಬ್ಬರಿಗೆ ದಾಟಿದ ಸೋಂಕು ಒಂದೂ ಇಲ್ಲ ಎಂದು 2016ರಲ್ಲಿ ಬರೆದರು. ಆ ಗುಂಪಿನಲ್ಲಿ ಹನ್ನೊಂದು ಮಂದಿಗೆ ಹೊಸದಾಗಿ ಸೋಂಕು ಬಂದದ್ದು ನಿಜ. ವೈರಸ್ಸಿನ ಜಾಡು ಹಿಡಿದು ನೋಡಿದರೆ ಅದು ಮನೆಯ ಸಂಗಾತಿಯದ್ದಾಗಿರಲಿಲ್ಲ, ಹೊರಗಿನಿಂದ ಬಂದದ್ದು. ವಿಜ್ಞಾನಿಗಳು ಅದನ್ನು ಬಹಳ ನಾಜೂಕಾಗಿ ಬರೆದಿದ್ದಾರೆ, ನಮ್ಮ ಊರ ಕಟ್ಟೆಯಲ್ಲಾಗಿದ್ದರೆ ಅಷ್ಟು ನಾಜೂಕು ಇರುತ್ತಿರಲಿಲ್ಲ.

ಆದರೆ ಇದರಲ್ಲಿ ಒಂದು ಷರತ್ತಿದೆ. ವೈರಲ್ ಲೋಡ್ ಅಡಗಿದೆ ಎಂಬ ವರದಿ ಕೈಗೆ ಬರುವವರೆಗೆ ಕಾಂಡೋಮ್ ಬಿಡುವಂತಿಲ್ಲ. ವರದಿ ಬಂದ ಮೇಲೂ ಗುಳಿಗೆ ತಪ್ಪಿದರೆ ಆ ವರದಿಗೆ ಬೆಲೆಯಿಲ್ಲ. ಕಾಂಡೋಮ್ ಬೇರೆ ಗುಹ್ಯರೋಗಗಳನ್ನೂ ತಡೆಯುತ್ತದೆ, ಬೇಡದ ಬಸಿರನ್ನೂ ತಡೆಯುತ್ತದೆ; ಹಾಗಾಗಿ ಇಟ್ಟುಕೊಂಡರೆ ನಷ್ಟವಿಲ್ಲ. ವೈರಸ್ ಅಡಗುವ ಮೊದಲೇ ಕಾಂಡೋಮ್ ಹರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಸಂಗಾತಿಯನ್ನು ಕರೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ. 72 ತಾಸಿನೊಳಗೆ, ಆದಷ್ಟು ಬೇಗ ಶುರುಮಾಡಿ 28 ದಿನ ತೆಗೆದುಕೊಳ್ಳುವ ಔಷಧ ಇದೆ, ಪೆಪ್ ಎನ್ನುತ್ತಾರೆ.

ನಿನ್ನ ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ ಎಂದು ತಲೆ ತಗ್ಗಿಸಿಕೊಂಡು ಹೇಳಿದೆ. ಈ ಪತ್ರ ಬರೆಯಲು ಅಸಲು ಕಾರಣ ಅದೇ.

ಹೇಳದೆ ಮದುವೆಯಾಗಬೇಡ. ವೈರಸ್ ಪೂರಾ ಅಡಗಿ, ಅವಳಿಗೆ ಎಂದೂ ಬರುವುದಿಲ್ಲ ಎಂಬುದು ಖಾತ್ರಿಯಾಗಿದ್ದರೂ ಹೇಳದೆ ಆಗಬೇಡ. ನೀನು ಗುಳಿಗೆ ಡಬ್ಬಿಯನ್ನು ಜೋಳದ ಚೀಲದಲ್ಲಿ ಬಚ್ಚಿಡುತ್ತೀ, ಅವಳು ಮನೆಗೆ ಬಂದವರೆದುರು ಕಸ ಗುಡಿಸುವಾಗ ಅದು ಸಿಗುತ್ತದೆ. ಅಥವಾ ಬಚ್ಚಿಡುವ ಭಯದಲ್ಲೇ ನೀನು ಹಬ್ಬಕ್ಕೊಂದು ದಿನ, ಬೀಗರ ಮನೆಗೆ ಹೋದಾಗ ಎರಡು ದಿನ ಗುಳಿಗೆ ಬಿಡುತ್ತೀ. ನಮ್ಮ ಸೆಂಟರಿನಲ್ಲಿ ಗುಳಿಗೆ ತಪ್ಪಿಸುವವರ ಕಥೆ ಕೇಳುತ್ತಾ ಹೋದರೆ ಬಹಳಷ್ಟು ಕಡೆ ಬಚ್ಚಿಡುವ ಕೆಲಸವೇ ಸಿಗುತ್ತದೆ. ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿದ್ದವರ ಗುಳಿಗೆ ತಪ್ಪುವುದು ಕಡಿಮೆ. ಗೊತ್ತಿರುವವಳು ಹೆಂಡತಿಯೇ ಆದರೆ ಅದಕ್ಕಿಂತ ಒಳ್ಳೆಯ ಕಾವಲು ಇಲ್ಲ.

ಅವಳು ಒಲ್ಲೆ ಎಂದರೆ? ಎನ್ನಲಿ. ಅದು ಅವಳ ಹಕ್ಕು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ, ಆದರೆ ಕೇಳಬೇಕಿತ್ತು. ಎಲ್ಲ ತಿಳಿದೂ ಒಪ್ಪಿದ ಹೆಣ್ಣುಮಕ್ಕಳು ಇದ್ದಾರೆ, ಚೆನ್ನಾಗಿ ಸಂಸಾರ ನಡೆಸುತ್ತಿದ್ದಾರೆ. ಸೋಂಕಿತರ ಸಂಘಗಳು ವಧುವರರ ಭೇಟಿಯನ್ನೂ ಏರ್ಪಡಿಸುತ್ತವೆ. ಅಲ್ಲಿ ಇಬ್ಬರಿಗೂ ಒಂದೇ ಗುಳಿಗೆ, ಬಚ್ಚಿಡುವ ಮಾತೇ ಇಲ್ಲ.

ಕಾನೂನು ಏನೆನ್ನುತ್ತದೆ ಅದನ್ನೂ ತಿಳಿದುಕೊ. ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ನಿನ್ನ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ನಿನ್ನ ಸ್ಥಿತಿಯನ್ನು ಊರಿಗೆ ಸಾರುವಂತಿಲ್ಲ. ಇದೊಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಬಾಡಿಗೆ ಮನೆ ಬಿಡಿಸುವುದು, ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡದೆ ಕಳಿಸುವುದು ತಪ್ಪು. ನನ್ನ ಮಂಚಕ್ಕೆ ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅಂಟಿಸಿದ ಆಸ್ಪತ್ರೆಯೊಂದಿತ್ತು. ಆಗ ದೂರು ಕೊಡಲು ಇಂಥ ಕಾನೂನಿರಲಿಲ್ಲ, ಈಗ ಇದೆ. ಅದೇ ಕಾಯ್ದೆ ನಿನ್ನ ಮೇಲೂ ಒಂದು ಹೊಣೆ ಹೊರಿಸುತ್ತದೆ: ಸಮಾಲೋಚನೆ ಪಡೆದ ಸೋಂಕಿತ ವ್ಯಕ್ತಿ ಇನ್ನೊಬ್ಬರಿಗೆ ಹರಡದಂತೆ ಎಚ್ಚರ ವಹಿಸಬೇಕು, ಅಥವಾ ಸಂಪರ್ಕಕ್ಕೆ ಮುಂಚೆ ತಿಳಿಸಬೇಕು. ಬಚ್ಚಿಡುವ ಹಕ್ಕನ್ನು ಊರ ಎದುರು ಇಟ್ಟುಕೊ, ಹೆಂಡತಿಯ ಎದುರು ಬೇಡ. ಇದು ಕಾನೂನಿನ ಮಾತಲ್ಲ, ನನ್ನದು.

ಮಕ್ಕಳ ವಿಷಯದಲ್ಲಿ ನೀನು ತಿಳಿದದ್ದು ತಪ್ಪು. ತಂದೆಯಿಂದ ನೇರವಾಗಿ ಕೂಸಿಗೆ ಎಚ್‌ಐವಿ ಬರುವುದಿಲ್ಲ. ತಾಯಿಗೆ ಬಂದಿದ್ದರೆ ಮಾತ್ರ ಬರಬಹುದು. ನಿನ್ನ ವೈರಸ್ ಅಡಗಿದ್ದು, ಹೆಂಡತಿಗೆ ಸೋಂಕಿಲ್ಲದಿದ್ದರೆ, ಡಾಕ್ಟರನ್ನು ಕೇಳಿಕೊಂಡು ಎಲ್ಲರಂತೆಯೇ ಮಕ್ಕಳನ್ನು ಪಡೆಯಬಹುದು. ಬಸುರಿನಲ್ಲಿ ಅವಳಿಗೆ ಹೇಗೂ ಪರೀಕ್ಷೆ ಇರುತ್ತದೆ, ಅದನ್ನು ತಪ್ಪಿಸಬೇಡಿ.

ತಾಯಿಗೇ ಸೋಂಕಿದ್ದರೂ ಹೆದರಬೇಕಿಲ್ಲ. ಏನೂ ಚಿಕಿತ್ಸೆ ಇಲ್ಲದಿದ್ದರೆ ನೂರು ಕೂಸುಗಳಲ್ಲಿ 15ರಿಂದ 45ರವರೆಗೆ ಸೋಂಕು ತಗಲಬಹುದು. ಔಷಧ ಸರಿಯಾಗಿ ನಡೆದರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ, ವೈರಸ್ ಪೂರಾ ಅಡಗಿದ್ದರೆ ಇನ್ನೂ ಕೆಳಗೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಹುಟ್ಟಿದ ಕೂಸಿಗೂ ಕೆಲವು ವಾರ ಔಷಧ ಹಾಕುತ್ತಾರೆ, ಆರು ವಾರಕ್ಕೆ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಕಡೆಯ ಪರೀಕ್ಷೆ ಒಂದೂವರೆ ವರ್ಷಕ್ಕೆ. ಇಲ್ಲಿ ಅಜ್ಜಿಯರು ಅಡ್ಡ ಬರುತ್ತಾರೆ ನೋಡು. ಮೊದಲ ಆರು ತಿಂಗಳು ಬರೀ ಎದೆಹಾಲು ಕೊಡಬೇಕು. ನಡುವೆ ಜೇನು, ಆಕಳ ಹಾಲು, ಸಕ್ಕರೆ ನೀರು ಎಂದು ಬಾಯಿಗೆ ಹಾಕುತ್ತಾರಲ್ಲ, ಅದು ಕೂಸಿನ ಎಳೆ ಕರುಳನ್ನು ಕೆಡಿಸಿ ವೈರಸ್ಸಿಗೆ ದಾರಿ ಮಾಡಿಕೊಡುತ್ತದೆ. ನನ್ನ ಪರಿಚಯದ ಒಬ್ಬ ಬಾಣಂತಿ ಅತ್ತೆಯ ಜೊತೆ ಇದಕ್ಕೇ ಜಗಳ ಕಾದು ಗೆದ್ದಳು. ಅವಳ ಮಗ ಈಗ ಹೈಸ್ಕೂಲು, ಸೋಂಕಿಲ್ಲ.

ಮನೆಯಲ್ಲಿ ತಾಟು, ಲೋಟ, ಹಾಸಿಗೆ ಬೇರೆ ಮಾಡಿಕೊಂಡಿದ್ದೀ ಎಂದೆ. ಇವತ್ತೇ ಬಿಡು. ಒಂದೇ ತಾಟಿನಲ್ಲಿ ಉಂಡರೆ, ಅಪ್ಪಿಕೊಂಡರೆ, ಅಕ್ಕನ ಮಗುವಿನ ಕೆನ್ನೆಗೆ ಮುತ್ತು ಕೊಟ್ಟರೆ, ಒಂದೇ ಸಂಡಾಸು ಬಳಸಿದರೆ ಬರುವುದಿಲ್ಲ. ಸೊಳ್ಳೆ ಕಡಿದೂ ಬರುವುದಿಲ್ಲ. ನಿನ್ನ ರೇಜರ್ ನಿನ್ನದೇ ಇರಲಿ. ಕೈ ಕೊಯ್ದುಕೊಂಡರೆ ನೀನೇ ತೊಳೆದು ಪಟ್ಟಿ ಕಟ್ಟಿಕೊ, ಬೇರೆಯವರು ಕಟ್ಟಿದರೆ ಕೈಗವಸು ಹಾಕಿಕೊಳ್ಳಲಿ. ರಕ್ತದಾನ ಮಾಡಬೇಡ. ಮನೆ ಮಂದಿಯನ್ನು ಕಾಯಲು ಇಷ್ಟು ಸಾಕು. ತಾಟು ಬೇರೆ ಮಾಡಿದರೆ ನಿನ್ನ ಅವ್ವನಿಗೆ ಅನುಮಾನ ಬರುತ್ತದೆ, ರೋಗಕ್ಕೆ ಏನೂ ಆಗುವುದಿಲ್ಲ.

ನಿನ್ನ ಮೈಗೆ ಈಗ ದೊಡ್ಡ ಶತ್ರು ಎಚ್‌ಐವಿಗಿಂತ ಟಿಬಿ. ಸೋಂಕಿತರನ್ನು ಹೆಚ್ಚು ಕೊಂದದ್ದು ಅದೇ. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಈ ನಾಲ್ಕರಲ್ಲಿ ಒಂದು ಕಂಡರೂ ಸೆಂಟರಿಗೆ ಬಂದು ಹೇಳು. ಟಿಬಿ ಇಲ್ಲವೆಂದಾದರೆ ಬರದಂತೆ ತಡೆಯುವ ಗುಳಿಗೆಯನ್ನೂ ಕೊಡುತ್ತಾರೆ. ಟಿಬಿ ಬಂದು ಅದರ ಔಷಧ ಶುರುವಾದರೆ ಡೊಲುಟೆಗ್ರವಿರ್‌ನ ಪ್ರಮಾಣವನ್ನೂ ಬದಲಿಸಬೇಕಾಗುತ್ತದೆ. ಒಂದು ಕಡೆಯ ಡಾಕ್ಟರಿಗೆ ಇನ್ನೊಂದು ಕಡೆಯ ಚಿಕಿತ್ಸೆ ಪುಸ್ತಕ ತೋರಿಸು. ಬೀಡಿ ಬಿಡು. ಕುಡಿತದ ಬಗ್ಗೆ ನಾನು ಪ್ರವಚನ ಕೊಡುವುದಿಲ್ಲ. ಕುಡಿದ ರಾತ್ರಿ ಗುಳಿಗೆ ನೆನಪಿರುವುದಿಲ್ಲ, ಕಾಂಡೋಮೂ ನೆನಪಿರುವುದಿಲ್ಲ ಎಂಬುದು ನಿನಗೇ ಗೊತ್ತಿದೆ. ಊಟಕ್ಕೆ ವಿಶೇಷ ಏನೂ ಬೇಡ. ರೊಟ್ಟಿ, ಕಾಳು ಪಲ್ಯ, ಮೊಟ್ಟೆ, ಶೇಂಗಾ ಚಟ್ನಿ, ಮೊಸರು ಸಾಕು. ಪೌಷ್ಟಿಕ ಪುಡಿಯ ದೊಡ್ಡ ಡಬ್ಬಿಗೆ ಹಣ ಹಾಕಬೇಡ.

ರಾತ್ರಿ ನಿದ್ದೆ ಬರದೆ ಕೆಟ್ಟ ಯೋಚನೆ ಬಂದರೆ, ಬರುತ್ತದೆ, ಎಲ್ಲರಿಗೂ ಬಂದಿದೆ, ಒಬ್ಬನೇ ಕೂರಬೇಡ. ಟೆಲಿ ಮಾನಸ್ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ. ಎಚ್‌ಐವಿ ಬಗ್ಗೆ ಏನೇ ಕೇಳುವುದಿದ್ದರೂ 1097 ಇದೆ, ಹೆಸರು ಹೇಳಬೇಕಿಲ್ಲ.

ಕಡೆಗೆ, ಕೆಲಸಕ್ಕೆ ಗೋವಾಕ್ಕೆ ಹೋಗುತ್ತೇನೆ ಎಂದೆಯಲ್ಲ, ಆ ಮಾತು. ಹೋಗು, ಯಾರು ಬೇಡ ಅಂದರು? ಆದರೆ ಹೇಳದೆ ಹೋಗಬೇಡ. ಅಲ್ಲಿ ಎಷ್ಟು ತಿಂಗಳಿರುತ್ತೀ ಎಂದು ಮೊದಲೇ ತಿಳಿಸಿದರೆ ಅಲ್ಲಿಯ ಸೆಂಟರಿಗೆ ವರ್ಗ ಮಾಡಿಕೊಡುತ್ತಾರೆ; ಅಲ್ಲಿಯೂ ಪುಕ್ಕಟೆಯೇ. ವೈರಸ್ ಅಡಗಿ ಸ್ಥಿರವಾದವರಿಗೆ ಮೂರು ತಿಂಗಳ ಗುಳಿಗೆ ಒಮ್ಮೆಲೇ ಕೊಡುವುದೂ ಉಂಟು, ಆದರೆ ನೀನಿನ್ನೂ ಹೊಸಬ, ತಿಂಗಳಿಗೊಮ್ಮೆ ಮುಖ ತೋರಿಸಬೇಕು. ಡಬ್ಬಿಯಲ್ಲಿ ಏಳೆಂಟು ಗುಳಿಗೆ ಉಳಿದಿರುವಾಗಲೇ ಹೊರಡು; ಬಸ್ಸು ಬಂದ್ ಆಗುತ್ತದೆ, ಮಳೆ ಬರುತ್ತದೆ, ಮೇಸ್ತ್ರಿ ರಜೆ ಕೊಡುವುದಿಲ್ಲ.

ಮುಂದಿನ ಸಲ ಬರುವಾಗ ನಿನ್ನ ಅಕ್ಕನನ್ನು ಕರೆದುಕೊಂಡು ಬಾ, ಅವಳಿಗೆ ಹೇಳುವುದನ್ನು ನನ್ನ ಎದುರಿಗೇ ಹೇಳುವಿಯಂತೆ. ಹುಡುಗಿಯ ಮಾತು ನಿಶ್ಚಯದ ಹತ್ತಿರ ಬಂದರೆ ತಾಂಬೂಲಕ್ಕೆ ಮುಂಚೆ ಅವಳನ್ನೂ. ಅವಳು ಏನೇ ಕೇಳಿದರೂ ನೀನು ನಡುವೆ ಬಾಯಿ ಹಾಕಬೇಡ, ಉತ್ತರ ಡಾಕ್ಟರು ಕೊಡುತ್ತಾರೆ. ಶನಿವಾರ ಮಧ್ಯಾಹ್ನದ ಮೇಲೆ ಬರಬೇಡಿ, ಅಷ್ಟು ಹೊತ್ತಿಗೆ ಗುಳಿಗೆ ಕೊಡುವ ಕಿಟಕಿ ಮುಚ್ಚಿರುತ್ತದೆ.